ಬೆವರುವ ಕೈಗೆ ಗ್ಲೌಸು

ಅವರ ಅಂಗೈ ಯಾವಾಗಲೂ ಒದ್ದೆ. ಡಿಸೆಂಬರಿನ ಚಳಿಯಲ್ಲೂ ಬೆರಳ ಸಂದಿಯಲ್ಲಿ ಬೆವರು ಮಿನುಗುತ್ತಿತ್ತು. ಲಗ್ನಪತ್ರಿಕೆ ಕೊಟ್ಟರೆ ಅದರ ಮೂಲೆಯ ಅರಿಶಿನವೆಲ್ಲ ಅವರ ಹೆಬ್ಬೆರಳಿಗೆ ಬಂದುಬಿಡುತ್ತಿತ್ತು. ಬಸ್ಸಿನ ಟಿಕೆಟ್ಟು ಇಳಿಯುವ ಹೊತ್ತಿಗೆ ಮುದ್ದೆಯಾಗಿರುತ್ತಿತ್ತು. ಅದಕ್ಕೇ ಅವರು ಯಾರ ಕೈಯನ್ನೂ ಕುಲುಕುತ್ತಿರಲಿಲ್ಲ. ಎದುರಿಗೆ ಯಾರೇ ಸಿಗಲಿ, ತಮಗಿಂತ ಚಿಕ್ಕವರೇ ಆಗಲಿ, ಎರಡೂ ಕೈ ಜೋಡಿಸಿ ನಮಸ್ಕಾರ. ನೆಂಟರಲ್ಲೆಲ್ಲ ಬಹಳ ವಿನಯವಂತರು ಎಂಬ ಹೆಸರು. ನಿಜ ಗೊತ್ತಿದ್ದದ್ದು ಅವರ ಹೆಂಡತಿಗೆ, ಅಂದರೆ ನಮ್ಮ ಅತ್ತಿಗೆಗೆ, ಮತ್ತು ನನಗೆ ಮಾತ್ರ.

ಅವರು ನನ್ನ ಷಡ್ಡಕ, ಹೆಂಡತಿಯ ಅಕ್ಕನ ಗಂಡ. ಮಾಕವಳ್ಳಿಗೆ ಹತ್ತಿರದ ಊರು. ಸ್ವಲ್ಪ ಗದ್ದೆ, ಒಂದೆರಡು ಹಸು. ಬೆಳಗ್ಗೆ, ಸಂಜೆ ಹಳ್ಳಿ ಹಳ್ಳಿಯಿಂದ ಹಾಲಿನ ಕ್ಯಾನು ತರುವ ವ್ಯಾನು ಓಡಿಸುತ್ತಿದ್ದರು. ನಾನು ಪಾಂಡವಪುರದಲ್ಲಿ ಹೈಸ್ಕೂಲಿನ ಸಮಾಜದ ಮೇಷ್ಟ್ರು. ದಿನವಿಡೀ ಮಾತಾಡುವ ಕೆಲಸ, ಕೇಳುವವರಿಲ್ಲ. ಪುಸ್ತಕ ತೆಗೆಯಿರಿ ಎಂದರೆ ಅರ್ಧ ತರಗತಿ ಕಿಟಕಿಯ ಕಡೆ ನೋಡುತ್ತದೆ. ಸ್ಟಾಫ್ ರೂಮಿನಲ್ಲಿ ನಾನು ಬಾಯಿ ತೆರೆಯುವ ಹೊತ್ತಿಗೇ ಯಾರಿಗೋ ಟೀ ನೆನಪಾಗುತ್ತದೆ. ಮನೆಯಲ್ಲಿ ಫ್ಯಾನು ಆರಿಸಿ ಎಂದು ಹೇಳಿ ಹೇಳಿ ಸಾಕಾಗಿ ಈಗ ನಾನೇ ಎದ್ದು ಆರಿಸುತ್ತೇನೆ. ಯಾರ ಮೇಲೂ ದೂರು ಹೇಳುತ್ತಿಲ್ಲ. ಸುಸ್ತು, ಅಷ್ಟೇ.

ಇಂಥ ನನ್ನನ್ನು ಅವರು ಒಂದು ಭಾನುವಾರ ಮನೆಯಿಂದ ಎಬ್ಬಿಸಿಕೊಂಡು ಹೋಗಿ ತಮ್ಮ ಹಳೆಯ ಸಣ್ಣ ಕಾರಿನ ಎಡಗಡೆ ಸೀಟಿನಲ್ಲಿ ಕೂರಿಸಿ ತಲೆಗೆ ಹೆಲ್ಮೆಟ್ಟು ಹಾಕಿದರು. ನಾಗಮಂಗಲದ ಕಡೆ ಬೇಸಿಗೆಯಲ್ಲಿ ಒಣಗಿದ ಕೆರೆಯಂಗಳದಲ್ಲಿ ಸುತ್ತಮುತ್ತಲಿನ ಹುಡುಗರು ಸೇರಿ ಕಾರು ರೇಸು ಮಾಡುತ್ತಾರೆ. ಮಣ್ಣಿನಲ್ಲಿ ಗೂಟ ಹೊಡೆದು ದಾರಿ ಮಾಡಿ ಒಂದೊಂದೇ ಕಾರು ಬಿಡುತ್ತಾರೆ. ಯಾರು ಬೇಗ ಸುತ್ತಿ ಬಂದರೋ ಅವರು ಗೆದ್ದ ಹಾಗೆ. ಓಡಿಸುವವರಿಗೆ ಧೂಳಿನಲ್ಲಿ ಮುಂದಿನದು ಕಾಣುವುದಿಲ್ಲ. ಹಾಗಾಗಿ ಪಕ್ಕದಲ್ಲೊಬ್ಬ ಕೂತು, ಬೆಳಗ್ಗೆ ನಡೆದು ನೋಡಿಕೊಂಡ ತಿರುವುಗಳನ್ನು ಒಂದೊಂದಾಗಿ ಹೇಳುತ್ತಾ ಹೋಗಬೇಕು.

“ನಾನ್ಯಾಕಣ್ಣ?” ಎಂದೆ.

“ನೀವು ಮಕ್ಳಿಗೆ ಮ್ಯಾಪು ಯೋಳ್ಕೊಡೋರು ಕಣ್ ಮೇಷ್ಟ್ರೇ. ಇದೂ ಮ್ಯಾಪೇ ಅಲ್ವಾ?”

ಈ ವಯಸ್ಸಿನಲ್ಲಿ ಇದೆಲ್ಲ ಯಾಕೆ ಎಂದು ಕೇಳಿದೆ. ಅವರು ಸ್ಟೇರಿಂಗನ್ನು ಟವೆಲ್ಲಿನಲ್ಲಿ ಒರೆಸುತ್ತಾ ಹೇಳಿದರು: “ವರ್ಸೆಲ್ಲಾ ಆಲು ತುಳುಕ್ದಂಗೆ ಓಡ್ಸ್ತೀನಿ. ಅಳ್ಳ ಕಂಡ್ರೆ ನಿಲ್ಸ್ಬೇಕು, ಉಬ್ಬು ಕಂಡ್ರೆ ನಿಲ್ಸ್ಬೇಕು. ಒಂದಿನ ಆದ್ರೂ ಆಲಿಲ್ದೆ ಓಡಿಸ್ಬ್ಯಾಡ್ವಾ?”

ಕಾರು ಹೊರಟಿತು. ನಾನು ಹೆದರಿಕೊಂಡೇ “ಬಲಕ್ಕೆ” ಎಂದೆ. ಕಾರು ಬಲಕ್ಕೆ ತಿರುಗಿತು. “ಎಡಕ್ಕೆ, ಬಿಗಿ ತಿರುವು” ಎಂದೆ. ಎಡಕ್ಕೆ ತಿರುಗಿತು. ಯಾಕೆ, ಏನು, ನಿಜವಾ ಎಂದು ಅವರು ಒಂದು ಸಲವೂ ಕೇಳಲಿಲ್ಲ. ನನ್ನ ಬಾಯಿಂದ ಮಾತು ಬೀಳುವುದೇ ತಡ, ಅವರ ಕೈ ತಿರುಗುತ್ತಿತ್ತು. ಕಾರಿನಿಂದ ಇಳಿದಾಗ ನನ್ನ ಬಾಯಿ ತುಂಬ ಧೂಳು. ಆದರೂ ಮುಂದಿನ ರೇಸು ಯಾವಾಗ ಎಂದು ನಾನೇ ಕೇಳಿದೆ.

ತೊಂದರೆಯೆಲ್ಲ ಆ ಅಂಗೈಯದು. ರೇಸಿನ ದಿನ ಬೆವರು ಇಮ್ಮಡಿ. ಒಮ್ಮೆ ನಾನು ಎಡಕ್ಕೆ ಎಂದೆ, ಅವರೂ ಎಡಕ್ಕೇ ತಿರುಗಿಸಿದರು, ಸ್ಟೇರಿಂಗು ಕೈಯೊಳಗೆ ಜಾರಿ ವಾಪಸು ಸುತ್ತಿಕೊಂಡಿತು. ಕಾರು ಗೂಟ ಮುರಿದುಕೊಂಡು ಹೋಗಿ ಜಾಲಿ ಮೆಳೆಗೆ ನುಗ್ಗಿತು. ಇಬ್ಬರಿಗೂ ಏನೂ ಆಗಲಿಲ್ಲ. ನನಗೆ ಮಾತ್ರ ಕತ್ತು ಹಿಡಿದುಕೊಂಡು, ಬಹಳ ದಿನ ಬೋರ್ಡಿನ ಕಡೆ ತಿರುಗಬೇಕಾದರೆ ಇಡೀ ಮೈ ತಿರುಗಿಸಬೇಕಾಯಿತು. ಮಕ್ಕಳಿಗೆ ಒಳ್ಳೆಯ ತಮಾಷೆ.

ಅತ್ತಿಗೆಗೆ ಸುದ್ದಿ ಮುಟ್ಟಿತು. ಅವರು ಜೋರು ಮಾಡುವವರಲ್ಲ. ನಮಗಿಬ್ಬರಿಗೂ ಊಟ ಬಡಿಸಿ, ಮುದ್ದೆ ಮುರಿಯುವವರೆಗೂ ಕಾದು ಗಂಡನಿಗೆ ಹೇಳಿದರು: “ಇನ್ನೊಂದ್ ಸತಿ ಕೈ ಜಾರ್ತು ಅಂದ್ರೆ ಆ ಕಾರ್ನ ಗುಜರಿಗೆ ಆಕ್ಬುಡ್ತೀನಿ. ನಿಮ್ದೊಂದೇ ಜೀವ ಆಗಿದ್ರೆ ಏನೋ ಅಂದ್ಕೋಬೋದಿತ್ತು. ಪಕ್ದಲ್ಲಿ ನನ್ ತಂಗಿ ಗಂಡ ಕುಂತಿರ್ತಾರೆ.”

ಷಡ್ಡಕರು ತಟ್ಟೆಯಿಂದ ತಲೆ ಎತ್ತಲಿಲ್ಲ. ಅತ್ತಿಗೆ ಹೇಳಿದರೆ ಹೇಳಿದ ಹಾಗೇ ಮಾಡುವವರೆಂದು ಅವರಿಗೆ ಗೊತ್ತಿತ್ತು, ನನಗೂ ಗೊತ್ತಿತ್ತು. ನಮ್ಮಿಬ್ಬರ ಭಾನುವಾರ ಉಳಿಯಬೇಕಾದರೆ ಜಾರದ ಗ್ಲೌಸು ಬೇಕು. ರೇಸಿನವರ ಅಸಲಿ ಗ್ಲೌಸಿನ ಬೆಲೆಯನ್ನು ಮೊಬೈಲಿನಲ್ಲಿ ತೋರಿಸಿದೆ. ಅವರು ನೋಡಿ ಮೊಬೈಲನ್ನು ಮಗುಚಿ ಇಟ್ಟರು.

ಅಲ್ಲಿಂದ ಶುರುವಾಯಿತು ಅಲೆದಾಟ. ಅದನ್ನು ನೆನೆದರೆ ಈಗಲೂ ಕಾಲು ನೋಯುತ್ತದೆ. ಮೊದಲು ಪಾಂಡವಪುರದ ಬೈಕಿನ ಸಾಮಾನಿನ ಅಂಗಡಿ. ಕಪ್ಪು ಗ್ಲೌಸು, ಗೆಣ್ಣಿನ ಮೇಲೆ ಪ್ಲಾಸ್ಟಿಕ್ಕು, ನೋಡಲು ಭರ್ಜರಿ. ಬೆವರಿಗೆ ಬಣ್ಣ ಬಿಟ್ಟುಕೊಂಡು ಎರಡೂ ಅಂಗೈ ಕರ್ರಗಾಯಿತು. ಮಾರನೆಯ ದಿನ ಹಾಲು ಹಾಕುವ ಹೆಂಗಸರು ಕ್ಯಾನು ಮುಟ್ಟಲು ಬಿಡಲಿಲ್ಲವಂತೆ. “ಅದ್ಯಾವ್ ಕಾಯ್ಲೆನಣ್ಣ ಅದು? ದೂರ ನಿಂತ್ಕ” ಎಂದರಂತೆ. ಪಾಪ, ನಮಸ್ಕಾರ ಮಾಡುವುದಕ್ಕೂ ಕೈ ತೋರಿಸುವಂತಿರಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಆಟದ ಸಾಮಾನಿನವನು ವಿಕೆಟ್ ಕೀಪರ್ ಗ್ಲೌಸು ತಂದಿಟ್ಟ. ಅದನ್ನು ಹಾಕಿಕೊಂಡು ಅವರು ಅಂಗಡಿಯ ಸ್ಟೂಲನ್ನೇ ಸ್ಟೇರಿಂಗಿನಂತೆ ಹಿಡಿದು ತಿರುಗಿಸಿ ನೋಡಿದರು. ಬೀದಿಯಲ್ಲಿ ಹೋಗುವವರು ನಿಂತು ನೋಡುತ್ತಿದ್ದರು. ನಾನು ಬೇರೆ ಯಾರೋ ಎಂಬಂತೆ ಪಕ್ಕದ ಅಂಗಡಿಯ ಬಾಳೆಗೊನೆ ನೋಡುತ್ತಾ ನಿಂತೆ. ಕೆ.ಆರ್. ಪೇಟೆಯ ಗೊಬ್ಬರದ ಅಂಗಡಿಯಲ್ಲಿ ಔಷಧಿ ಹೊಡೆಯುವವರ ರಬ್ಬರು ಗ್ಲೌಸು ಸಿಕ್ಕಿತು. ಅದು ಸ್ಟೇರಿಂಗಿಗೇನೋ ಕಚ್ಚಿಕೊಂಡಿತು. ಆದರೆ ಮನೆ ಸೇರುವಷ್ಟರಲ್ಲಿ ಒಳಗೆ ಬೆವರು ನಿಂತು, ಬಿಚ್ಚಿ ಬಗ್ಗಿಸಿದರೆ ತೊಟ್ಟಿಕ್ಕಿತು. ಬೆರಳೆಲ್ಲ ಬಟ್ಟೆ ಒಗೆದವರ ಬೆರಳಿನ ಹಾಗೆ ನಿರಿಗೆ ಹಿಡಿದಿತ್ತು.

ಕೊನೆಗೆ ಸಕ್ಕರೆ ಕಾರ್ಖಾನೆಯ ಕಡೆ ಕಬ್ಬಿನ ಲಾರಿ ಇಳಿಸುವವರ ಕೈಯಲ್ಲಿ ಒಂದು ಗ್ಲೌಸು ಕಂಡಿತು. ಹತ್ತಿಯದು, ಅಂಗೈ ಕಡೆ ರಬ್ಬರಿನ ಚುಕ್ಕಿ. ಹಾರ್ಡ್‌ವೇರ್ ಅಂಗಡಿಯಲ್ಲಿ ಟೀ ತಿಂಡಿಯ ಕಾಸಿಗೆ ಸಿಕ್ಕಿತು. ನನಗೆ ದೇವರೇ ಸಿಕ್ಕಷ್ಟು ಸಂತೋಷ. ಗದ್ದೆಯ ಬದುವಿನ ದಾರಿಯಲ್ಲಿ ಕಾರು ಓಡಿಸಿ ನೋಡಿದೆವು. ಗ್ಲೌಸು ಸ್ಟೇರಿಂಗನ್ನು ಬಿಡಲಿಲ್ಲ. ಆದರೆ ಸ್ವಲ್ಪ ಹೊತ್ತಿಗೆ ಅದರೊಳಗೆ ಅವರ ಕೈಯೇ ನುಣುಚಿ ತಿರುಗತೊಡಗಿತು.

ಅವರು ಕಾರು ನಿಲ್ಲಿಸಿ ಗ್ಲೌಸು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡರು. “ಓಗ್ಲಿ ಬುಡಿ ಮೇಷ್ಟ್ರೇ. ಗುಜರಿಯವನ್ಗೆ ನಾನೇ ಫೋನ್ ಮಾಡ್ತೀನಿ. ನಿಮ್ಮುನ್ನೂ ಬೀದಿ ಬೀದಿ ಅಲೆಸ್ಬುಟ್ಟೆ” ಎಂದರು. ಆ ಮಾತಿಗೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಅವರ ಮೇಲಲ್ಲ. ನನ್ನ ಮಾತಿಗೆ ತಿರುಗುವ ಒಂದೇ ಒಂದು ವಸ್ತು ಲೋಕದಲ್ಲಿ ಇದ್ದರೆ ಅದು ಆ ಕಾರು. ಅದೂ ತೂಕಕ್ಕೆ ಹೋಗುತ್ತಿತ್ತು.

ಮನೆಗೆ ಬಂದವನು ಬೀರು ತೆಗೆದು ತಡಕಾಡಿದೆ. ಸ್ಕೂಲಿನ ಪರೇಡಿಗೆಂದು ನಾನು ಕೊಂಡಿದ್ದ ಬಿಳಿ ಹತ್ತಿಯ ಗ್ಲೌಸು ಸಿಕ್ಕಿತು. ಅಷ್ಟು ತೆಳು ಬಟ್ಟೆಯನ್ನು ನಾವು ಯಾವ ಅಂಗಡಿಯಲ್ಲೂ ಕೇಳಿರಲಿಲ್ಲ. ಹೊಳೆದು ತಂದದ್ದಲ್ಲ, ಬೇಸತ್ತು ತಂದದ್ದು. ಮಾರನೆಯ ದಿನ ಅದನ್ನು ಅವರ ಕಡೆ ಎಸೆದು, “ಇದನ್ನ ಒಳಗೆ ಹಾಕಿ, ಅದನ್ನ ಮೇಲೆ ಹಾಕಿ. ಇದೂ ಆಗದಿದ್ದರೆ ನನ್ನನ್ನು ಕರೆಯಬೇಡಿ” ಎಂದೆ.

ಅವರು ಬಿಳಿಯದನ್ನು ಹಾಕಿಕೊಂಡರು, ಅದರ ಮೇಲೆ ಚುಕ್ಕಿಯದನ್ನು ಎಳೆದುಕೊಂಡರು. ಮುಷ್ಟಿ ಹಿಡಿದು ಬಿಟ್ಟರು. ಹೋಗಿ ಕಾರಿನಲ್ಲಿ ಕೂತರು.

ಆ ಸಲದ ರೇಸಿಗೆ ಅತ್ತಿಗೆಯೂ ಬಂದು ಕೆರೆ ಏರಿಯ ಮೇಲೆ ಕೊಡೆ ಹಿಡಿದು ನಿಂತಿದ್ದರು. ನಾನು ಜಾಲಿ ಮೆಳೆಯ ತಿರುವಿನಲ್ಲಿ “ಎಡಕ್ಕೆ” ಎನ್ನುವಾಗ ಕಣ್ಣು ಮುಚ್ಚಿದ್ದೆ. ಕಾರು ಗೂಟಕ್ಕೆ ತಾಗದೆ ಎಡಕ್ಕೆ ತಿರುಗಿತು, ಹಿಡಿತ ಬಿಡಲಿಲ್ಲ. ನಾವೇನೂ ಗೆಲ್ಲಲಿಲ್ಲ, ಬಹಳ ಕೆಳಗಿದ್ದೆವು. ನಿಲ್ಲಿಸಿದ ಮೇಲೆ ಅವರು ಮೊದಲು ಚುಕ್ಕಿಯ ಗ್ಲೌಸು ಬಿಚ್ಚಿದರು, ಆಮೇಲೆ ಬಿಳಿಯದು. ಬಿಳಿಯದು ಬೆವರೆಲ್ಲ ಹೀರಿತ್ತು, ಹಿಂಡಬಹುದಿತ್ತು. ಆ ಒದ್ದೆ ಕೈಯನ್ನೇ ನನ್ನ ಮುಂದೆ ಚಾಚಿದರು. ಅಷ್ಟು ವರ್ಷಗಳ ನೆಂಟಸ್ತಿಕೆಯಲ್ಲಿ ಮೊದಲ ಸಲ.

“ಬೆವ್ರು ಅಂಗೇ ಐತೆ ಕಣ್ ಮೇಷ್ಟ್ರೇ. ಸ್ಟೇರಿಂಗ್‌ಗೆ ಗೊತ್ತಾಗ್ಲಿಲ್ಲ, ಅಷ್ಟೇಯ” ಎಂದರು.

ಅತ್ತಿಗೆ ಏರಿ ಇಳಿದು ಬಂದು ಸೆರಗಿನ ತುದಿಯಿಂದ ಅವರ ಅಂಗೈ ಒರೆಸಿದರು. ಗುಜರಿಯ ಮಾತು ಮತ್ತೆ ಬರಲಿಲ್ಲ. ಆಮೇಲಿನ ಬೇಸಿಗೆಗಳಲ್ಲೂ ಹೋದೆವು, ಒಮ್ಮೆಯೂ ಗೆಲ್ಲಲಿಲ್ಲ.

ಅವರು ಹೋದದ್ದು ರೇಸಿನಲ್ಲಲ್ಲ. ಡೇರಿಯಲ್ಲಿ ಕ್ಯಾನು ಇಳಿಸುವಾಗ ಎದೆ ಹಿಡಿದುಕೊಂಡು ಕೂತರಂತೆ. ಮೈಸೂರಿನ ಆಸ್ಪತ್ರೆಗೆ ನಾನು ಹೋಗುವ ಹೊತ್ತಿಗೆ ಎಲ್ಲ ಮುಗಿದಿತ್ತು. ಅತ್ತಿಗೆ ಮಂಚದ ಪಕ್ಕದಲ್ಲಿ ನಿಂತು ಅಭ್ಯಾಸಬಲದಿಂದ ಅವರ ಅಂಗೈಯನ್ನು ಸೆರಗಿನಿಂದ ಒರೆಸುತ್ತಿದ್ದರು. ನನ್ನನ್ನು ಕಂಡು, “ಒಣಗ್ಬುಟ್ಟದೆ ನೋಡಿ ಮೇಷ್ಟ್ರೇ” ಎಂದರು. ನಾನು ಆ ಕೈ ಹಿಡಿದುಕೊಂಡೆ. ಒಣಗಿತ್ತು. ಅಷ್ಟು ಹೊತ್ತು ಬಾರದ ಅಳು ಆಗ ಬಂತು.

ಊರಿಗೆ ಕರೆತರುವಾಗ ಆಸ್ಪತ್ರೆಯ ವ್ಯಾನಿನ ಹಿಂಭಾಗದಲ್ಲಿ ಅವರು, ಜೊತೆಗೆ ಅತ್ತಿಗೆ ಮತ್ತು ನನ್ನ ಹೆಂಡತಿ. ನಾನು ಮುಂದೆ, ಎಡಗಡೆ ಸೀಟಿನಲ್ಲಿ. ಶ್ರೀರಂಗಪಟ್ಟಣ ದಾಟಿತು, ಪಾಂಡವಪುರ ದಾಟಿತು. ಒಂದು ತಿರುವು ಬರುವಾಗ ನನಗೆ ಗೊತ್ತಿಲ್ಲದೆಯೇ “ಎಡಕ್ಕೆ” ಎಂದೆ.

“ದಾರಿ ಗೊತ್ತು ಬುಡಿ ಸಾ, ಮೊಬೈಲಲ್ಲಿ ಆಕಿವ್ನಿ” ಎಂದ ಡ್ರೈವರು.

“ನಿನಗಲ್ಲಪ್ಪ ಹೇಳಿದ್ದು” ಎಂದೆ.

ಊರು ಬರುವವರೆಗೂ ನಾನು ಒಂದು ತಿರುವನ್ನೂ ಬಿಡದೆ ಹೇಳುತ್ತಾ ಹೋದೆ, ಹಿಂದೆ ಮಲಗಿದ್ದವರಿಗೆ ಕೇಳುವಷ್ಟು ಜೋರಾಗಿ.