ಸ್ಕೋರರ್‌ಗೆ ಹಾಕುವ ಕುರ್ಚಿ

ಮೂರು ವಾರದ ಹಿಂದೆ ಇದೇ ಅಂಕಣದಲ್ಲಿ ಒಬ್ಬ ಮನುಷ್ಯನನ್ನು ಸಾಯಿಸಿಬಿಡಿ ಅಂತ ಬರೆದಿದ್ದೆ. ನೆನಪಿದೆಯಾ?

ಗಾಬರಿ ಬೇಡ. ಆ ಮನುಷ್ಯ ಟಿ.ವಿ. ಒಳಗಿನವನು. ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಬರುತ್ತದಲ್ಲ ಕ್ರಿಕೆಟ್ ಕಾಮಿಡಿ ಸೀರಿಯಲ್ಲು, ಅದರ ಸ್ಕೋರರ್ ಸದಾನಂದ.

ಸೀರಿಯಲ್ ನೋಡದವರಿಗೆ ಎರಡು ಮಾತು. ಒಂದು ಸಣ್ಣ ಊರಿನ ಟೀಮು. ಕ್ಯಾಪ್ಟನ್ ಟೈಲರ್. ವಿಕೆಟ್ ಕೀಪರ್ ಹೋಟೆಲಿನಲ್ಲಿ ದೋಸೆ ಹುಯ್ಯುವವನು. ಫಾಸ್ಟ್ ಬೌಲರ್ ದೂರದಿಂದ ಓಡಿ ಬಂದು, ಅರ್ಧ ದಾರಿಯಲ್ಲೇ ಸುಸ್ತಾಗಿ, ಅಂಪೈರ್ ಹೆಗಲು ಹಿಡಿದು ನಿಂತುಕೊಳ್ಳುತ್ತಾನೆ. ಪ್ರತಿ ವಾರ ಆಡುತ್ತಾರೆ, ಪ್ರತಿ ವಾರ ಸೋಲುತ್ತಾರೆ. ನಾವು ನಗುತ್ತೇವೆ, ಒಂದೊಂದು ಸಲ ಪಾಪ ಅನ್ನಿಸುತ್ತದೆ. ಬದುಕಿನಲ್ಲಿ ಸೋತವರನ್ನು ಅರ್ಧ ಗಂಟೆ ಪ್ರೀತಿಸುವುದು ಕಷ್ಟವೇನಲ್ಲ.

ಆದರೆ ಸದಾನಂದ? ಅವನನ್ನು ಯಾರೂ ಕರೆದಿರುವುದಿಲ್ಲ. ಎಲ್ಲರಿಗಿಂತ ಮೊದಲು ಬಂದಿರುತ್ತಾನೆ. ಇಸ್ತ್ರಿ ಮಾಡಿದ ಷರಟು, ಕಂಕುಳಲ್ಲಿ ಛತ್ರಿ, ತೊಡೆಯ ಮೇಲೆ ಸ್ಕೋರ್ ಪುಸ್ತಕ. ಮರದ ಕೆಳಗೆ ಇರುವ ಒಂದೇ ಕುರ್ಚಿ ಅವನದು. ಒಬ್ಬ ಔಟಾದರೆ ಯಾಕೆ ಔಟಾದ ಅಂತ ಹೇಳುತ್ತಾನೆ. ಕ್ಯಾಚ್ ಬಿಟ್ಟರೆ ಹೇಗೆ ಹಿಡಿಯಬೇಕಿತ್ತು ಅಂತ ಹೇಳುತ್ತಾನೆ. ಮೊದಲ ಲೋಟ ಟೀ ಅವನೇ ಕುಡಿಯುತ್ತಾನೆ. ತನ್ನ ಜೋಕಿಗೆ ತಾನೇ ನಗುತ್ತಾನೆ.

ನಾನು ಆ ವಾರ ಬರೆದದ್ದು ಇಷ್ಟು. ಹಾಸ್ಯದ ಸೀರಿಯಲ್ಲಿನಲ್ಲಿ ನಾಯಕ ಪೆದ್ದನಾಗಿರಬಹುದು, ಖಳನಾಯಕ ಕಟುಕನಾಗಿರಬಹುದು, ಆದರೆ ಪಕ್ಕದ ಪಾತ್ರ ಮಾತ್ರ ತಲೆ ತಿನ್ನುವಂಥದ್ದಾಗಿರಬಾರದು. ಸದಾನಂದ ಬರುವುದು ಎರಡು ನಿಮಿಷ. ಉಳಿದ ಇಪ್ಪತ್ತು ನಿಮಿಷ ಅವನೆಲ್ಲಿ ಬಂದುಬಿಡುತ್ತಾನೋ ಅನ್ನುವ ಭಯದಲ್ಲೇ ಹೋಗುತ್ತದೆ. ಅನ್ನದಲ್ಲಿ ಒಂದು ಕಲ್ಲು ಸಿಕ್ಕರೆ ಆಮೇಲಿನ ಪ್ರತಿ ತುತ್ತನ್ನೂ ಹೆದರಿ ಹೆದರಿ ಅಗಿಯುತ್ತೇವಲ್ಲ, ಹಾಗೆ. (ನಾನು ಲೆಕ್ಕದ ಮೇಷ್ಟ್ರು, ಮಾರ್ಕ್ಸ್ ಕೊಡದೆ ಇರಲಾಗುವುದಿಲ್ಲ. ಕ್ಯಾಪ್ಟನ್‌ಗೆ ಹತ್ತಕ್ಕೆ ಎಂಟು, ಸದಾನಂದನಿಗೆ ಸೊನ್ನೆ.) ನಿರ್ದೇಶಕರು ದಯವಿಟ್ಟು ಅವನ ಮೇಲೆ ಒಂದು ಲಾರಿ ಹತ್ತಿಸಬೇಕು ಅಂತ ಬರಹ ಮುಗಿಸಿದ್ದೆ.

ಓದುಗರಿಗೆ ಖುಷಿಯಾಯಿತು. ಕಣಕಟ್ಟೆಯಿಂದ ಒಬ್ಬರು ಕಾರ್ಡು ಬರೆದು, 'ಲಾರಿ ಯಾಕೆ ಸಾರ್, ಆ ಮರವನ್ನೇ ತೆಂಗಿನ ಮರ ಮಾಡಿ, ಒಂದು ಕಾಯಿ ಬಿದ್ದರೆ ಸಾಕು' ಅಂತ ಸಲಹೆ ಕೊಟ್ಟರು. ಸ್ಟಾಫ್ ರೂಮಿನಲ್ಲಿ ಅದನ್ನು ಓದಿ ಹೇಳಿದೆ. ಎಲ್ಲರೂ ನಕ್ಕರು. ನಾನು ಎಲ್ಲರಿಗಿಂತ ಜೋರಾಗಿ ನಕ್ಕೆ.

ಈಗ ಒಂದು ವಿಷಯ ಒಪ್ಪಿಕೊಳ್ಳಬೇಕು. ಈ ಸೀರಿಯಲ್ಲನ್ನು ನಾನು ನೋಡುವುದು ನನ್ನ ಮನೆಯಲ್ಲಲ್ಲ.

ಅರಸೀಕೆರೆಗೆ ವರ್ಗವಾಗಿ ಬಂದಾಗ ಒಂದು ಬ್ಲ್ಯಾಕ್ ಅಂಡ್ ವೈಟ್ ಪೋರ್ಟಬಲ್ ಟಿ.ವಿ. ತಂದಿದ್ದೆ. ಏಳು ತಿಂಗಳ ಹಿಂದೆ ಅದು ಕೆಟ್ಟಿತು. ರಿಪೇರಿಗೆ ಕೊಟ್ಟೆ. ಎರಡು ದಿನ ಬಿಟ್ಟು ಬನ್ನಿ ಅಂದರು. ಅದೇ ಭಾನುವಾರ ಎದುರು ಮನೆಯ ರುದ್ರಪ್ಪನವರು (ಕೊಬ್ಬರಿ ವ್ಯಾಪಾರ, ರೈಲ್ವೆ ಗೇಟಿನ ಹತ್ತಿರ ಮಂಡಿ) ಜಗುಲಿಯಲ್ಲಿ ನಿಂತು, 'ಟಿ.ವಿ. ಕೆಟ್ಟೋಗೈತಂತೆ, ನಮ್ಮನೇಲೇ ನೋಡ್ಬನ್ನಿ ಮೇಷ್ಟ್ರೇ' ಅಂದರು. ಹೋದೆ. ಮುಂದಿನ ಭಾನುವಾರವೂ ಹೋದೆ. ನನ್ನ ಟಿ.ವಿ. ಮೂರನೇ ದಿನವೇ ರೆಡಿಯಾಗಿತ್ತು. ಅದಿನ್ನೂ ಅಂಗಡಿಯಲ್ಲೇ ಇದೆ. ಅಂಗಡಿಯವನು ದಾರಿಯಲ್ಲಿ ಸಿಕ್ಕಾಗಲೆಲ್ಲ, 'ಸಾರ್, ನಿಮ್ ಸೆಟ್ಟು' ಅನ್ನುತ್ತಾನೆ. ಅರ್ಜೆಂಟಿಲ್ಲಪ್ಪ ಅನ್ನುತ್ತೇನೆ.

ಯಾಕೆ ಅಂತ ಕೇಳುತ್ತೀರಾ? ನಾನು ಮದುವೆಯಾಗಲಿಲ್ಲ. ಆಗಬಾರದು ಅಂತೇನೂ ಇರಲಿಲ್ಲ, ಆಗಲಿಲ್ಲ ಅಷ್ಟೆ. ವಾರದ ಆರು ದಿನ ಸ್ಕೂಲಿದೆ, ಗಲಾಟೆಯಿದೆ, ಮಾತಿದೆ. ಭಾನುವಾರ ಬೆಳಿಗ್ಗೆ ಎದ್ದರೆ ಬಾಯಿ ತೆರೆಯಲು ಕಾರಣವೇ ಇರುವುದಿಲ್ಲ. ಹಾಲಿನವನ ಹತ್ತಿರ 'ಅರ್ಧ ಲೀಟರ್' ಅಂದದ್ದೇ ಇಡೀ ದಿನದ ಮಾತಾದ ಭಾನುವಾರಗಳು ಎಷ್ಟೋ ಇವೆ. ಆ ಅರ್ಧ ಗಂಟೆ ನನಗೆ ಬೇಕಿತ್ತು. ಸೀರಿಯಲ್ಲು ನೆಪ.

ಅಲ್ಲಿ ನನಗೆ ಸಿಗುತ್ತಿದ್ದ ಮರ್ಯಾದೆಯೂ ಹಾಗಿತ್ತು. ನಾನು ಚಪ್ಪಲಿ ಬಿಡುವಷ್ಟರಲ್ಲಿ ಕುರ್ಚಿ ಬರುತ್ತಿತ್ತು. ರುದ್ರಪ್ಪನವರು, ಅವರ ಹೆಂಡತಿ ಗಂಗಮ್ಮ, ಎಸ್ಸೆಸ್ಸೆಲ್ಸಿ ಓದುವ ಮಗಳು ಶೈಲಾ, ಮೂವರೂ ಚಾಪೆಯ ಮೇಲೆ. ನಾನೊಬ್ಬ ಕುರ್ಚಿಯ ಮೇಲೆ. ಮೊದಲ ಲೋಟ ಕಾಫಿ ನನಗೆ. ಅವರ ಕಾಫಿ ಸೀರಿಯಲ್ ಮುಗಿದ ಮೇಲೆ, ನಾನು ಹೋದ ಮೇಲೆ. ಎಷ್ಟು ಅಕ್ಕರೆಯ ಜನ ಅಂದುಕೊಳ್ಳುತ್ತಿದ್ದೆ.

ಸುಮ್ಮನೆ ಕೂತು ಬರುತ್ತಿರಲಿಲ್ಲ ನಾನು. ಉಪಕಾರವನ್ನೂ ಮಾಡುತ್ತಿದ್ದೆ. ಆ ಮನೆಯ ಹಿಂದೆಯೇ ರೈಲ್ವೆ ಲೈನು. ನಮ್ಮದು ಜಂಕ್ಷನ್ನು, ಗಾಡಿಗಳಿಗೆ ಬರವೇ? ಕ್ಯಾಪ್ಟನ್ ಒಳ್ಳೆಯ ಡೈಲಾಗ್ ಹೊಡೆಯುವ ಹೊತ್ತಿಗೇ ಗೂಡ್ಸ್ ಗಾಡಿ ಬರುತ್ತದೆ. ಕಿಟಕಿ ಸರಳು ಅದುರುತ್ತದೆ, ಮಾತು ಕೇಳುವುದಿಲ್ಲ. ಗಾಡಿ ದಾಟಿದ ಕೂಡಲೇ ನಾನು, 'ಅವನೇನಂದ ಗೊತ್ತಾ' ಅಂತ ತುಟಿ ನೋಡಿ ಊಹಿಸಿದ ಡೈಲಾಗನ್ನು ವಿವರಿಸುತ್ತಿದ್ದೆ. ನಾನು ವಿವರಿಸಿ ಮುಗಿಸುವಷ್ಟರಲ್ಲಿ ಮುಂದಿನ ಡೈಲಾಗೂ ಹೋಗಿರುತ್ತಿತ್ತು. ಅದು ಆಗ ಹೊಳೆದಿರಲಿಲ್ಲ. ಜಾಹೀರಾತು ಬಂದಾಗ ಶೈಲಾಳ ಲೆಕ್ಕದ ಪುಸ್ತಕ ತರಿಸಿ, ಅವಳಿಗೆ ಬಾರದ ಲೆಕ್ಕಗಳನ್ನು ಬಿಡಿಸಿಕೊಡುತ್ತಿದ್ದೆ.

ಲಾರಿ ಹತ್ತಿಸಿ ಅಂತ ಬರೆದ ವಾರ ಬಂದ ಭಾನುವಾರ. ಹತ್ತಕ್ಕೆ ಐದು ನಿಮಿಷ ಮುಂಚೆ ಹೋದೆ. ಇಸ್ತ್ರಿ ಷರಟು ಹಾಕಿದ್ದೆ. ಚಪ್ಪಲಿಯ ಬಕಲ್ ಬಿಚ್ಚಲು ಜಗುಲಿಯಲ್ಲಿ ಬಗ್ಗಿದ್ದೆ. ಒಳಗಿನಿಂದ ಶೈಲಾಳ ದನಿ ಕೇಳಿತು.

'ಅಮ್ಮಾ, ಸದಾನಂದ ಬಂದ್ರು. ಕುರ್ಚಿ ಹಾಕ್ಲಾ?'

'ಮೆತ್ತಗೆ ಮಾತಾಡೇ, ಕೇಳಿಸ್ಕಂಡಾರು.' ಇದು ಗಂಗಮ್ಮ. ಬಯ್ಯುವ ದನಿಯಲ್ಲ. ನಗು ತಡೆದುಕೊಂಡ ದನಿ.

'ಅವ್ರೇ ಅವ್ರ ಮೇಲೆ ಲಾರಿ ಹತ್ಸಿ ಅಂತ ಬರ್ಕಂಡವ್ರಲ್ಲೇ' ಅಂದರು ರುದ್ರಪ್ಪನವರು. ಮೂವರೂ ನಕ್ಕರು.

ಒಂದು ಚಪ್ಪಲಿ ಬಿಚ್ಚಿತ್ತು, ಇನ್ನೊಂದು ಕಾಲಲ್ಲೇ ಇತ್ತು. ವಾಪಸು ಹೋಗಬಹುದಿತ್ತು. ಅಷ್ಟರಲ್ಲಿ ಶೈಲಾ ಬಾಗಿಲಿಗೆ ಬಂದು, 'ಬನ್ನಿ ಸಾರ್' ಅಂದಳು. ಒಳಗೆ ಹೋಗಿ ಕುರ್ಚಿಯ ಮೇಲೆ ಕೂತೆ. ಕಾಫಿ ಬಂತು. ಕುಡಿದೆ. ಟಿ.ವಿ.ಯಲ್ಲಿ ಅವನೂ ಮರದ ಕೆಳಗೆ ಕೂತು ಟೀ ಕುಡಿಯುತ್ತಿದ್ದ. ಆ ದಿನ ಗೂಡ್ಸ್ ಗಾಡಿ ಬಂದಾಗ ನಾನು ಏನನ್ನೂ ವಿವರಿಸಲಿಲ್ಲ. ಗಾಡಿ ಹೋಯಿತು. ಯಾರೂ ಅವನೇನಂದ ಅಂತ ಕೇಳಲೂ ಇಲ್ಲ.

ಕೋಪ ಬಂತಾ? ಬರಲಿಲ್ಲ. ಮೂವರೂ ಕೆಟ್ಟವರಲ್ಲ, ಅಷ್ಟು ನನಗೆ ಗೊತ್ತು. ಬಂದದ್ದು ನಾಚಿಕೆ. ಆ ಹೆಸರು ಅವತ್ತು ಹುಟ್ಟಿದ್ದಲ್ಲ ಅಂತ ಅವಳು ಹೇಳಿದ ಧಾಟಿಯಲ್ಲೇ ಗೊತ್ತಾಗುತ್ತಿತ್ತು. ಬಹಳ ದಿನದಿಂದ ನಾಲಿಗೆಗೆ ರೂಢಿಯಾದ ಹೆಸರು ಅದು.

ಮರುವಾರ ಹೋಗಲಿಲ್ಲ. ಮನೆಯಲ್ಲಿದ್ದರೆ ಎದುರು ಮನೆಯ ಟಿ.ವಿ. ಸದ್ದು ಕೇಳುತ್ತದೆ. ಅದಕ್ಕೇ ಬೆಳಿಗ್ಗೆ ಎದ್ದವನೇ ಮಾಲೇಕಲ್ಲು ಬೆಟ್ಟ ಹತ್ತಲು ಹೊರಟೆ. ಭಕ್ತಿಯೇನಿಲ್ಲ, ಹೊತ್ತು ಹೋಗಬೇಕಿತ್ತು. ಮೆಟ್ಟಿಲು ಏರಿ, ದೇವರಿಗೆ ಕೈಮುಗಿದು, ಒಂದು ಬಂಡೆಯ ಮೇಲೆ ಕೂತೆ. ಕೆಳಗೆ ತೋಟಗಳು, ಆಚೆ ಊರು, ಊರಿನೊಳಕ್ಕೆ ಮೆಲ್ಲಗೆ ಹೋಗುತ್ತಿದ್ದ ಒಂದು ಗಾಡಿ. ಗಡಿಯಾರ ನೋಡಿಕೊಂಡೆ. ಹತ್ತೂ ಹತ್ತು. ಇಷ್ಟು ಹೊತ್ತಿಗೆ ಟಾಸ್ ಸೋತಿರುತ್ತಾರೆ ಅಂದುಕೊಂಡೆ.

ಯಾರೋ ಒಂದು ಸಂಸಾರ ಬಂದಿತ್ತು. ಅಜ್ಜಿ, ಮಕ್ಕಳು, ಮುಡಿ ತೆಗೆಸಿಕೊಂಡ ಮಗು, ಎಂಟು ಹತ್ತು ಜನ. ಕ್ಯಾಮೆರಾ ಹಿಡಿದ ಯುವಕ ನನ್ನ ಕಡೆ ನೋಡಿದ. ಫೋಟೋ ತೆಗೆದುಕೊಡಿ ಅನ್ನುತ್ತಾನೆ ಅಂತ ನಾನು ಎದ್ದು ಕೈ ಒರೆಸಿಕೊಂಡೆ.

'ಸಾರ್, ಒಂಚೂರು ಪಕ್ಕಕ್ಕೆ ಬತ್ತೀರಾ? ಫೋಟೋದಲ್ಲಿ ನೀವು ಬೀಳ್ತಾ ಇದೀರಿ.'

ಪಕ್ಕಕ್ಕೆ ಹೋದೆ. 'ಇನ್ನೊಂಚೂರು' ಅಂದ. ಇನ್ನೂ ಪಕ್ಕಕ್ಕೆ ಹೋದೆ. ತಪ್ಪೇನಿಲ್ಲ, ನಾನು ಆ ಫೋಟೋದಲ್ಲಿ ಯಾಕಿರಬೇಕು? ಆದರೂ ಮೆಟ್ಟಿಲು ಇಳಿಯುವಾಗ, ಅವರು ಕರೆಯುತ್ತಾರೇನೋ ಅಂತ ಎರಡು ಸಲ ತಿರುಗಿ ನೋಡಿದೆ. ನಲವತ್ತಾರು ವರ್ಷದ ಗಂಡಸು ಇಂಥದ್ದನ್ನು ಬರೆಯಬಾರದೇನೋ. ಬರೆದುಬಿಟ್ಟೆ.

ಸೋಮವಾರ ಸ್ಕೂಲಿನಲ್ಲಿ ನಮ್ಮ ಡ್ರಿಲ್ ಮೇಷ್ಟ್ರು ಮಂಜೇಗೌಡರನ್ನು ಹಿಡಿದುಕೊಂಡು, ನಿನ್ನೆ ಏನಾಯಿತು ಅಂತ ಕೇಳಿದೆ.

'ಅಯ್ಯೋ, ಒಳ್ಳೇದೇ ಮಿಸ್ ಮಾಡ್ಕಂಡ್ರಿ ಕಣ್ರೀ' ಅಂದರು. 'ಆ ಸದಾನಂದ ಬರ್ಲೇ ಇಲ್ಲ. ಜ್ವರ ಅಂತೆ. ಇವ್ರು ಖುಸಿಯಾಗಿ ಆಡವ್ರೆ. ಸಿಕ್ಸು, ಫೋರು ಎಲ್ಲಾ ಹೊಡ್ದವ್ರೆ. ಕೊನೇಗ್ ನೋಡುದ್ರೆ ರನ್ನು ಬರ್ದೋರೇ ಇಲ್ಲ. ಗೆದ್ರೋ ಸೋತ್ರೋ ಯಾವನಿಗೂ ಗೊತ್ತಿಲ್ಲ.'

'ಆಮೇಲೆ?'

'ಆಮೇಲೇನು, ಎಲ್ಲಾ ಸೇರ್ಕಂಡು ಅವ್ನ ಹುಡುಕ್ಕಂಡು ಹೊಂಟ್ರು. ಅವ್ನ ಮನೆ ಎಲ್ಲೈತೆ ಅನ್ನೋದೇ ಒಬ್ಬನಿಗೂ ಗೊತ್ತಿಲ್ಲ. ಅಲ್ಲಿಗೆ ಮುಗೀತು.'

ಮಂಜೇಗೌಡರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ಬೆಲ್ ಹೊಡೆಯಿತು ಅಂತ ಹೇಳಿ ಕ್ಲಾಸಿಗೆ ಹೋದೆ. (ಬೆಲ್ ಹೊಡೆದಿರಲಿಲ್ಲ.)

ಸೀರಿಯಲ್ಲನ್ನು ಮೊದಲಿನಿಂದ ನೆನಪಿಸಿಕೊಂಡೆ. ಕ್ಯಾಪ್ಟನ್‌ಗೆ ಮನೆಯಿದೆ, ಹೊಲಿಗೆ ಮಿಷನ್ನಿದೆ, ಬಯ್ಯುವ ಹೆಂಡತಿ ಇದ್ದಾಳೆ. ಕೀಪರ್‌ಗೆ ತಾಯಿ. ಬೌಲರ್‌ಗೆ ಬಸ್ ಸ್ಟಾಪಿನ ಹುಡುಗಿ. ಸದಾನಂದನಿಗೆ? ಅವನು ಮ್ಯಾಚು ಮುಗಿದ ಮೇಲೆ ಎಲ್ಲಿಗೆ ಹೋಗುತ್ತಾನೆ ಅಂತ ಒಂದು ದಿನವೂ ತೋರಿಸಿಲ್ಲ. ಮರದ ಕೆಳಗಿನಿಂದ ಎದ್ದನೆಂದರೆ ಮುಂದಿನ ವಾರದವರೆಗೆ ಅವನಿಲ್ಲ. ಆ ಷರಟಿಗೆ ಇಸ್ತ್ರಿ ಮಾಡಿದವರು ಯಾರು? ಅವನು ಯಾಕೆ ಎಲ್ಲರಿಗಿಂತ ಮೊದಲು ಬರುತ್ತಾನೆ?

ನನಗೆ ಈಗ ಅನ್ನಿಸುತ್ತದೆ, ಯಾರ ಮನೆಯನ್ನು ತೋರಿಸುವುದಿಲ್ಲವೋ ಅವನು ನಮಗೆ ಇಷ್ಟವಾಗುವುದಿಲ್ಲ. ಕ್ಯಾಪ್ಟನ್ ಕೂಡ ಬಡಾಯಿ ಕೊಚ್ಚುತ್ತಾನೆ, ಆದರೆ ಮನೆಗೆ ಹೋಗಿ ಪಾತ್ರೆ ತೊಳೆಯುವುದನ್ನು ನೋಡಿದ್ದೇವೆ, ಕ್ಷಮಿಸುತ್ತೇವೆ. ಸದಾನಂದನ ಹತ್ತಿರ ಆ ಪಾತ್ರೆಯೂ ಇಲ್ಲ. ನಾನು ಹಾಕಿದ ಸೊನ್ನೆ ತಪ್ಪು. ಬಿಡಿಸಬೇಕಾದ ಲೆಕ್ಕವನ್ನು ಅರ್ಧ ಓದಿ ಮಾರ್ಕ್ಸ್ ಹಾಕಿದ್ದೆ.

ಅವನಿಲ್ಲದ ದಿನ ಅವರಿಗೆ ಬೇಕಾದದ್ದು ಅವನೋ, ಅವನ ಪುಸ್ತಕವೋ? ಈ ಪ್ರಶ್ನೆ ತಲೆಯಲ್ಲಿರುವಾಗಲೇ ಬುಧವಾರ ಸಂಜೆ ಶೈಲಾ ನಮ್ಮ ಮನೆಯ ಗೇಟಿನ ಹತ್ತಿರ ಸಿಕ್ಕಳು.

'ಭಾನ್ವಾರ ಯಾಕ್ ಸಾರ್ ಬರ್ಲಿಲ್ಲ?'

ನನಗಾದ ಸಂತೋಷ ಅಷ್ಟಿಷ್ಟಲ್ಲ.

'ನಾಲ್ಕು ಲೆಕ್ಕ ಹಂಗೇ ಉಳ್ಕಂಡ್ವು' ಅಂದಳು.

(ಇಷ್ಟು ಅಚ್ಚುಕಟ್ಟಾಗಿ ಕೂಡಿಬಂದರೆ ಮೇಷ್ಟ್ರು ಕಥೆ ಕಟ್ಟುತ್ತಿದ್ದಾರೆ ಅನ್ನುತ್ತೀರಿ. ಏನು ಮಾಡಲಿ, ಹಾಗೇ ಆಯಿತು.) ಪುಸ್ತಕ ಈಸಿಕೊಂಡು ಗೇಟಿನ ಮೇಲೇ ಇಟ್ಟು ನಾಲ್ಕನ್ನೂ ಬಿಡಿಸಿಕೊಟ್ಟೆ. ಹೋಗುವಾಗ ಅವಳು, 'ಈ ವಾರ ಬನ್ನಿ ಸಾರ್' ಅಂದಳು. ಅದು ಕರೆಯೋ, ಉಪಚಾರವೋ? ಮೂರು ದಿನ ಯೋಚಿಸಿದೆ.

ಕೊನೆಗೆ ಮೊನ್ನೆ ಭಾನುವಾರ ಹೋಗಲೇಬೇಕು ಅಂತ ನಿರ್ಧರಿಸಿದೆ. ಆದರೆ ಬೇರೆ ಥರ. ಹಳೆಯ ಷರಟು ಹಾಕಿದೆ. ಸೀರಿಯಲ್ ಶುರುವಾದ ಮೇಲೆ ಹೋದೆ. ಏನನ್ನೂ ವಿವರಿಸಕೂಡದು ಅಂತ ಬಾಯಿಗೆ ಬೀಗ ಹಾಕಿಕೊಂಡಿದ್ದೆ. ಎಲ್ಲಕ್ಕಿಂತ ಮುಖ್ಯ, ಕುರ್ಚಿ ಬೇಡ ಅಂತ ತೀರ್ಮಾನಿಸಿದ್ದೆ. ಆ ವಾರವೆಲ್ಲ ಕೂತು ನನಗೆ ಅರ್ಥವಾದದ್ದು ಅದೊಂದೇ. ನಮ್ಮ ಕಡೆ ಮನೆಯವರಿಗೆ ಯಾರೂ ಕುರ್ಚಿ ಹಾಕುವುದಿಲ್ಲ. ಅಣ್ಣ ಬಂದರೆ, ಅಕ್ಕನ ಗಂಡ ಬಂದರೆ, ಅವರೇ ಗೋಡೆಗೊರಗಿ ಕೂರುತ್ತಾರೆ, ಕಾಫಿ ಆದಾಗ ಕುಡಿಯುತ್ತಾರೆ. ಕುರ್ಚಿ ಬರುವುದು ಅಮಲ್ದಾರರಿಗೆ, ಮಠದವರಿಗೆ, ಮೇಷ್ಟ್ರಿಗೆ. ಏಳು ತಿಂಗಳು ನಾನು ಯಾವುದನ್ನು ಅಕ್ಕರೆ ಅಂದುಕೊಂಡಿದ್ದೆನೋ ಅದು ಬರೀ ಮರ್ಯಾದೆಯಾಗಿತ್ತು.

ಮೂವರೂ ಚಾಪೆಯ ಮೇಲಿದ್ದರು. ಯಾರೋ ಬ್ಯಾಟು ಬೀಸುತ್ತಿದ್ದ. ಯಾರೂ ನೋಡುವ ಮೊದಲೇ ಹಿಂದಿನಿಂದ ಹೋಗಿ ಚಾಪೆಯ ಅಂಚಿನಲ್ಲಿ, ಗೋಡೆಗೊರಗಿ ಕೂತುಬಿಟ್ಟೆ. ನೆಲ ತಣ್ಣಗಿತ್ತು. ಒಂದರ್ಧ ನಿಮಿಷ ಕೂತಿದ್ದಿರಬೇಕು. ಆ ಏಳು ತಿಂಗಳಲ್ಲಿ ಅಷ್ಟು ಹಾಯಾಗಿ ಆ ಮನೆಯಲ್ಲಿ ಎಂದೂ ಕೂತಿರಲಿಲ್ಲ.

ಗಂಗಮ್ಮ ತಿರುಗಿದರು. 'ಅಯ್ಯೋ ಶಿವನೇ, ಮೇಷ್ಟ್ರು ನೆಲದ ಮೇಲೆ ಕೂತವ್ರೆ' ಅಂತ ಸೆರಗು ಸರಿ ಮಾಡಿಕೊಂಡು ಎದ್ದರು. ರುದ್ರಪ್ಪನವರು ಲುಂಗಿ ಇಳಿಬಿಟ್ಟು ಎದ್ದರು. ಶೈಲಾ ಒಳಗೆ ಓಡಿದಳು. 'ಇಲ್ಲೇ ಚೆನ್ನಾಗಿದೆ, ಇರಲಿ' ಅಂದೆ. 'ಎಲ್ಲಾದ್ರೂ ಉಂಟೇ' ಅಂದರು ರುದ್ರಪ್ಪನವರು. ಗಂಡ ಹೆಂಡತಿ ಇಬ್ಬರೂ ನಿಂತೇ ಇದ್ದರು. ನಾನು ಎದ್ದು ಕುರ್ಚಿಯ ಮೇಲೆ ಕೂರುವವರೆಗೂ ಅವರು ಕೂರುವ ಹಾಗಿರಲಿಲ್ಲ. ಟಿ.ವಿ.ಯಲ್ಲಿ ಯಾರೋ ಔಟಾದ. ಹೇಗೆ ಔಟಾದ ಅಂತ ಒಬ್ಬರೂ ನೋಡಲಿಲ್ಲ.

ಕುರ್ಚಿ ಬಂತು. ಕೂತೆ. ಕಾಫಿ ಬಂತು.

ರುದ್ರಪ್ಪನವರೇ, ನೀವು ಈ ಪತ್ರಿಕೆ ಓದುತ್ತೀರಿ ಅಂತ ಗೊತ್ತು. ಬೇಜಾರು ಮಾಡಿಕೊಳ್ಳಬೇಡಿ, ನಿಮ್ಮದೇನೂ ತಪ್ಪಿಲ್ಲ. ಟಿ.ವಿ. ಅಂಗಡಿಯವನಿಗೆ ನಿನ್ನೆ ಹೇಳಿದ್ದೇನೆ, ನಾಳೆ ಸೆಟ್ಟು ತಂದುಕೊಡುತ್ತಾನೆ. ಭಾನುವಾರ ಹತ್ತು ಗಂಟೆಗೆ ನಮ್ಮ ಮನೆಯ ಬಾಗಿಲು ತೆರೆದಿರುತ್ತದೆ. ಚಾಪೆ ಹಾಸಿರುತ್ತೇನೆ.

ಯಾರಾದರೂ ಬಂದರೆ, ನಾನು ಅವರಿಗೆ ಕುರ್ಚಿ ಹಾಕದೆ ಇರುತ್ತೇನಾ?