ಕಾಕು ಬರೆಯದೆ ಉಳಿದ ಪೇಪರ್

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಯಾರಾದರೂ ಡಬ್ಬಿ ತೆರೆದು ಇಂಗಿನ ಒಗ್ಗರಣೆಯ ವಾಸನೆ ಬಂತೆಂದರೆ ತಿದ್ದುತ್ತಿದ್ದ ಉತ್ತರಪತ್ರಿಕೆಯನ್ನು ಬದಿಗಿಟ್ಟು ಸುಮ್ಮನೆ ಕುಳಿತುಬಿಡುತ್ತೇನೆ. ನಾನು ಮೊದಲು ಮುಟ್ಟಿದ ಇಂಗ್ಲಿಷ್ ವ್ಯಾಕರಣದ ಪುಸ್ತಕಕ್ಕೆ ಆ ವಾಸನೆಯಿತ್ತು. ಅದು ನಮ್ಮ ಕಾಕುವಿನದು, ಅಂದರೆ ಅಪ್ಪನ ತಮ್ಮನ ಹೆಂಡತಿಯದು. ತೊಂಬತ್ತರ ದಶಕದ ಮೊದಲ ವರ್ಷಗಳು. ಪುಣೆಯ ಪೇಠೆಯಲ್ಲಿ ಹಲವು ಸಂಸಾರಗಳಿದ್ದ ಹಳೆಯ ವಾಡೆಯೊಂದರ ಮಾಳಿಗೆಯಲ್ಲಿ ಅಜ್ಜಿ, ಅಪ್ಪ, ಅವ್ವ, ಕಾಕಾ, ಕಾಕು, ನಾನು ಇದ್ದೆವು. ಮನೆಯೊಳಗೆ ಕನ್ನಡ, ಮೆಟ್ಟಿಲಿಳಿದರೆ ಮರಾಠಿ. ಇಂಗ್ಲಿಷು ಕಾಕಾನ ಆಫೀಸಿನಲ್ಲಿತ್ತು, ಅಲ್ಲೇ ಅವರನ್ನು ಕಾಡುತ್ತಿತ್ತು. ಎರಡು ವರ್ಷ ಬಿ.ಎ. ಓದಿ ಧಾರವಾಡದಿಂದ ಸೊಸೆಯಾಗಿ ಬಂದ ಕಾಕುವಿಗೆ ಉಳಿದ ಓದನ್ನು ಮುಗಿಸಲು ಬಿಡುತ್ತೇವೆಂದು ಅಜ್ಜಿ ಬೀಗರಿಗೆ ಮಾತು ಕೊಟ್ಟಿದ್ದಳು. ಹಾಗಾಗಿ ಕಾಕು ನಸುಕಿನಲ್ಲೆದ್ದು ಕಾಲೇಜಿಗೆ ಹೋಗಿ, ಬಂದವಳೇ ಸೆರಗು ಸಿಕ್ಕಿಸಿ ಒಲೆ ಮುಂದೆ ನಿಲ್ಲುತ್ತಿದ್ದಳು. ಇಂಗಿನ ಡಬ್ಬಿಯ ಪಕ್ಕದಲ್ಲೇ ಪುಸ್ತಕ.

ಓದಿದ್ದನ್ನು ಯಾರಿಗಾದರೂ ಹೇಳದೆ ಅವಳಿಗೆ ಸಮಾಧಾನವಿರಲಿಲ್ಲ. ಮನೆಯಲ್ಲಿ ಕೇಳುವವಳು ನಾನೊಬ್ಬಳೇ. ಕನ್ನಡದಲ್ಲಿಲ್ಲದ ಆ 'ಎ' ಮತ್ತು 'ದಿ' ಅವಳನ್ನು ಭಾಳ ಸತಾಯಿಸಿದ್ದವು. ಕಡೆಗೊಂದು ದಿನ ರೊಟ್ಟಿ ಬಡಿಯುತ್ತ ನನಗೆ ಬಿಡಿಸಿ ಹೇಳಿದಳು: "ನೋಡ ಪುಟ್ಟಿ, ಗುರ್ತಿಲ್ಲದಾಕಿ ಬಾಗಲಕ್ಕ ಬಂದ್ರ 'ಎ ವುಮನ್'. ಒಳಗ ಕರದು ಕೂಡಿಸಿ ಗುರ್ತ ಆತಂದ್ರ 'ದಿ ವುಮನ್'." ಈಗ ನನ್ನ ವಿದ್ಯಾರ್ಥಿಗಳಿಗೆ ನಾನು ಕಲಿಸುವುದೂ ಹೀಗೆಯೇ. ಇದಕ್ಕಿಂತ ಚೆನ್ನಾಗಿ ಯಾವ ಪ್ರೊಫೆಸರರೂ ನನಗೆ ಹೇಳಿಕೊಟ್ಟಿಲ್ಲ.

ಅವಳ ಬಿ.ಎ.ಯ ಕೊನೆಯ ವರ್ಷದಲ್ಲಿ, ಒಂದು ಭಾನುವಾರ, ಕಾಕಾನ ಸಾಹೇಬರು ಚಹಕ್ಕೆ ಬಂದರು. ಮರಾಠಿಯವರು, ನಗುಮುಖದ ಮನುಷ್ಯ. ಆದರೂ ಕಾಕಾ ಅವರೊಡನೆ ಇಂಗ್ಲಿಷಿನಲ್ಲೇ ಮಾತಾಡುತ್ತಿದ್ದರು. "ಐ ಆ್ಯಮ್ ವರ್ಕಿಂಗ್ ಹಿಯರ್ ಸಿನ್ಸ್ ಟೆನ್ ಇಯರ್ಸ್" ಎಂದರು. ಚಹ ತಂದ ಕಾಕು ಇಂಗ್ಲಿಷ್ ಓದುತ್ತಿದ್ದಾಳೆಂದು ತಿಳಿದ ಸಾಹೇಬರು, ಹಾಗಾದರೆ ಗಂಡ ಹೇಳಿದ್ದು ಸರಿಯೋ ತಪ್ಪೋ ಎಂದು ತಮಾಷೆಗೆ ಕೇಳಿದರು. ಕಾಕು ಚಹದ ತಟ್ಟೆ ಕೆಳಗಿಟ್ಟಳು. ಕೇಳಿದ ಪ್ರಶ್ನೆಗೆ ಸುಳ್ಳು ಹೇಳುವುದು ಅವಳಿಗೆ ಬರುತ್ತಿರಲಿಲ್ಲ. "ಐ ಹ್ಯಾವ್ ಬೀನ್ ವರ್ಕಿಂಗ್, ಫಾರ್ ಟೆನ್ ಇಯರ್ಸ್" ಎಂದು ಮೆಲ್ಲಗೆ ಹೇಳಿ ಒಳಗೆ ಬಂದಳು. ಸಾಹೇಬರು ಮನಸಾರೆ ನಕ್ಕರು. ಅವರಿಗಿಂತ ಜೋರಾಗಿ ಕಾಕಾ ನಕ್ಕರು. ಸಾಹೇಬರು ಹೋದ ಮೇಲೆ ಕಾಕಾ ಬೈಯಲಿಲ್ಲ, ಕೂಗಾಡಲಿಲ್ಲ. ಬಟ್ಟಲಲ್ಲಿ ಉಳಿದಿದ್ದ ಅವಲಕ್ಕಿ ಚೂಡಾ ತಿನ್ನುತ್ತ ಕುಳಿತರು.

ಪರೀಕ್ಷೆಯ ವೇಳಾಪಟ್ಟಿ ಬಂದಾಗ ವ್ಯಾಕರಣದ ಪೇಪರೂ ಅಜ್ಜನ ಶ್ರಾದ್ಧದ ತಿಥಿಯೂ ಒಂದೇ ದಿನ ಬಿದ್ದಿದ್ದವು. ಅದೇನು ದೊಡ್ಡ ಸಂಗತಿಯಾಗಬೇಕಿರಲಿಲ್ಲ. ಮಡಿ ಅಡುಗೆ ತಾನೊಬ್ಬಳೇ ಮಾಡುತ್ತೇನೆ, ಆಕೆ ಬರೆದು ಬರಲಿ ಎಂದು ಅವ್ವ ಹೇಳಿದಳು. ಅಜ್ಜಿಯೂ ಹೂಂ ಅಂದಳು. ಆಗ ಕಾಕಾ ಬಾಯಿ ತೆರೆದರು. "ನಮ್ಮಪ್ಪನ ಶ್ರಾದ್ಧ ಅದ. ಸೊಸಿ ಮನ್ಯಾಗ ಇದ್ದೂ ಇಲ್ಲಧಂಗ ಆಗೂದು ಬ್ಯಾಡ. ಪರೀಕ್ಷಾ ಮುಂದಿನ ಸಲ ಬರದರಾತು." ಅಜ್ಜಿ ಅವ್ವನ ಮುಖ ನೋಡಿದಳು, ಅವ್ವ ಅಪ್ಪನ ಮುಖ ನೋಡಿದಳು. ಮನೆಗೆ ಹಿರಿಯರು ಅವರು. ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಅಪ್ಪ ಸುದ್ದಿಪತ್ರಿಕೆಯ ಹಾಳೆ ತಿರುವಿದರು. ಅಂಥ ಮೌನಗಳಿದ್ದ ಮನೆಗಳು ನಿಮಗೂ ಗೊತ್ತಿರಬೇಕು. ಹೊರಗಿನಿಂದ ನೋಡಿದವರು ಅಂಥ ಮನೆಗಳನ್ನೇ ತುಂಬಿದ ಮನೆ ಎನ್ನುತ್ತಿದ್ದರು.

ಆ ದಿನ ಕಾಕು ಒದ್ದೆ ಸೀರೆಯಲ್ಲಿ ವಡೆ ಕರಿದಳು. ಊಟವಾದ ಭಟ್ಟರು ಪಾಯಸವನ್ನು ಹೊಗಳಿದರು. ಪರೀಕ್ಷೆ ಮುಂದಿನ ಸಲ ಬರುವಷ್ಟರಲ್ಲಿ ಅವಳು ಬಸುರಿ. ಅದರ ಮುಂದಿನ ಸಲ ಕೂಸಿಗೆ ಜ್ವರ. ಆಮೇಲೆ ಪರೀಕ್ಷೆಯ ಫೀ ಕಟ್ಟುವುದೇ ನಿಂತುಹೋಯಿತು. ಒಲೆಯ ಪಕ್ಕದಿಂದ ಪುಸ್ತಕ ಯಾವಾಗ ಹೋಯಿತೋ ನನಗೆ ನೆನಪಿಲ್ಲ. ಮನೆಗೆ ಇಂಗ್ಲಿಷ್ ಮಾತಾಡುವವರು ಬಂದರೆ ಅವಳು ಅಡುಗೆಮನೆಯಿಂದ ಹೊರಗೆ ಬರುತ್ತಿರಲಿಲ್ಲ.

ವಾಡೆಯನ್ನು ಬಿಲ್ಡರ್ ಕೆಡವಿದ. ನಾವು ಬೇರೆ ಬೇರೆ ಫ್ಲ್ಯಾಟುಗಳಿಗೆ ಹಂಚಿಹೋದೆವು. ನಾನು ಇಂಗ್ಲಿಷಿನಲ್ಲಿ ಎಂ.ಎ. ಮುಗಿಸಿ ಕೆಲಸಕ್ಕೆ ಸೇರಿದ ವರ್ಷವೇ ಕಾಕು ತೀರಿಕೊಂಡಳು. ಮಾತಾಡಿಸಲು ಬಂದವರ ನಡುವೆ ಕಾಕಾ ಗೋಡೆಗೊರಗಿ ಕುಳಿತಿದ್ದರು. "ಭಾಳ ಶಾಣ್ಯಾಕಿ ಇದ್ದಳ್ರಿ. ಇಂಗ್ಲಿಷ್ ಅಂದ್ರ ಇಂಗ್ಲಿಷ್. ಮದವಿ ಆದಮ್ಯಾಲೂ ನಾನ ಓದಿಸಿದೆ" ಎನ್ನುತ್ತಿದ್ದರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು. ಬಂದವರು ತಲೆದೂಗಿದರು. ಅಪ್ಪ ಕಿಟಕಿಯ ಕಡೆ ನೋಡುತ್ತಿದ್ದರು. ಅವ್ವ ಎದ್ದು ಒಳಗೆ ಹೋದಳು. ನಾನು ಹಿಂದೆ ಹೋದಾಗ ಅವಳು ಅಡುಗೆಮನೆಯ ಮೋರಿಯ ನಲ್ಲಿಯನ್ನು ಪೂರಾ ತಿರುಗಿಸಿ, ತೊಳೆಯಲು ಒಂದು ಪಾತ್ರೆಯೂ ಇಲ್ಲದ ಕಡೆ ನೀರು ಬಿಟ್ಟುಕೊಂಡು ನಿಂತಿದ್ದಳು. ನಾನೂ ಪಕ್ಕದಲ್ಲಿ ನಿಂತೆ. ನೀರಿನ ಸದ್ದಿನಾಚೆ, ಹೊಸದಾಗಿ ಬಂದ ಯಾರಿಗೋ ಕಾಕಾ ಮತ್ತೆ ಮೊದಲಿನಿಂದ ಹೇಳತೊಡಗಿದ್ದರು.