ಹೊಸ ಡಿಶ್‌ವಾಷರ್ ಮತ್ತು ನನ್ನ ರಬ್ಬರ್ ಚಪ್ಪಲಿ

ಯಾದಗಿರಿಯ ನಮ್ಮ ಮನೆಯಲ್ಲಿ ಅಡುಗೆಮನೆಯೊಳಗೆ ಚಪ್ಪಲಿ ಮೆಟ್ಟುವವಳು ನಾನೊಬ್ಬಳೇ. ಕಾನ್ವೆಂಟಿನ ಬೋರ್ಡಿಂಗಿನಲ್ಲಿ ಸಿಸ್ಟರ್‌ಗಳು ಬರಿಗಾಲಲ್ಲಿ ನಡೆಯಲು ಬಿಡುತ್ತಿರಲಿಲ್ಲ. ಮದುವೆಯಾಗಿ ಬಂದ ಮೇಲೆ ನಮ್ಮತ್ತೆ, ಲಿಂಗಕ್ಕೆ ಎಡೆಯಾಗುವ ಜಾಗ ಇದು ಎಂದು ವರ್ಷಗಟ್ಟಲೆ ಗೊಣಗಿದರು. ಕಡೆಗೆ, ಒಳಗಿಗೆಂದೇ ಬೇರೆ ರಬ್ಬರ್ ಜೋಡು ಇಟ್ಟುಕೋ ಎಂದು ರಾಜಿಯಾದರು. ಮಿಕ್ಕವರೆಲ್ಲ ಇಂದಿಗೂ ಹೊಸ್ತಿಲಾಚೆ ಬಿಟ್ಟೇ ಬರುತ್ತಾರೆ. ಈ ಬೇಸಿಗೆಯಲ್ಲಿ ನಾನು ಮಾಡಿದ ತಪ್ಪು ಈ ರೂಢಿಯ ಮೇಲೆಯೇ ನಿಂತಿತ್ತು.

ನಮ್ಮ ಹಳೆಯ ಡಿಶ್‌ವಾಷರ್ ಹೈದರಾಬಾದಿನಿಂದ ಲಾರಿಯಲ್ಲಿ ಬಂದದ್ದು. ಇಬ್ಬರು ಗಂಡಸರು ನೂಕಿದರೂ ಅಲುಗುತ್ತಿರಲಿಲ್ಲ. ಅದು ತಿರುಗುವಾಗ ಪಡಸಾಲೆಯಲ್ಲಿ ಕೂತವರು ಮಾತು ನಿಲ್ಲಿಸಬೇಕು, ಅಷ್ಟು ಸದ್ದು. ಸಿಲ್ಲಿ ಅನ್ನಿಸಬಹುದು, ಆದರೆ ಅದರ ಬಿಸಿ ಹಬೆ ಮುಖಕ್ಕೆ ಬಡಿದಾಗಲೆಲ್ಲ ನನಗೆ ಬೋರ್ಡಿಂಗಿನ ಲಾಂಡ್ರಿ ನೆನಪಾಗುತ್ತಿತ್ತು. ಈ ವರ್ಷ ಅದು ನಿಂತೇ ಹೋಯಿತು. ಕಲಬುರಗಿಯಿಂದ ಬಂದ ಮೆಕ್ಯಾನಿಕ್, ಇದರ ಸಾಮಾನು ಈಗ ಎಲ್ಲಿಯೂ ಸಿಗುವುದಿಲ್ಲ ಎಂದ. ಶಹಾಪುರದ ಕಾಲೇಜಿನಲ್ಲಿ ಪಾಠ ಹೇಳುವ ನನ್ನ ಸೊಸೆ ಫೋನಿನಲ್ಲಿ ಹುಡುಕಿ, ಎಲ್ಲಕ್ಕಿಂತ ಅಗ್ಗದ್ದನ್ನು ತರಿಸಿದಳು. ತೊಳೆಯುವುದಕ್ಕೆ ತಾನೆ ಅತ್ತೀ, ಪೂಜೆ ಮಾಡುವುದಕ್ಕಲ್ಲವಲ್ಲ ಎಂದು ನಕ್ಕಳು.

ಹೊಸದನ್ನು ತಲುಪಿಸಲು ಬಂದ ಹುಡುಗ ಒಬ್ಬನೇ ಎತ್ತಿ ತಂದಿಟ್ಟ. ಬಾಗಿಲು ಬಿಸ್ಕತ್ತಿನ ಡಬ್ಬಿಯ ಮುಚ್ಚಳದ ಹಾಗಿತ್ತು. ಒಂದು ಹಸಿರು ದೀಪ ಬಿಟ್ಟರೆ ಅದು ಕೆಲಸ ಮಾಡುತ್ತಿದೆ ಎನ್ನುವುದಕ್ಕೆ ಗುರುತೇ ಇಲ್ಲ. ಆ ಸದ್ದಿಲ್ಲದಿರುವಿಕೆ ಮೊದಲ ದಿನದಿಂದಲೂ ನನಗೆ ಸರಿಬರಲಿಲ್ಲ.

ಮನೆಗೆಲಸಕ್ಕೆ ಬರುವವಳು ನಮ್ಮಲ್ಲಿ ಬಹಳ ವರ್ಷದಿಂದ ಇದ್ದಾಳೆ. ಮಷೀನಿಗೆ ಪಾತ್ರೆ ಜೋಡಿಸುವುದು, ರೊಟ್ಟಿ ಹಂಚನ್ನು ಮಾತ್ರ ಕೈಯಲ್ಲಿ ಉಜ್ಜುವುದು ಅವಳ ಕೆಲಸ; ಸೊಸೆ ಅದರ ಬಳಿ ಹೋಗುವುದೇ ಇಲ್ಲ. ಮೂರನೆಯ ದಿನ ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ನಿಂತಿದ್ದಳು.

"ಮುಟ್ಟಿದ್ರ ಜುಮ್ ಅಂತದ್ರಿ, ಅಮ್ಮಾರ."

ನಾನು ಹೋಗಿ ಮುಟ್ಟಿದೆ. ಬಾಗಿಲು, ಮೇಲುಭಾಗ, ಪಕ್ಕ. ಏನೂ ಇಲ್ಲ.

"ಹಳೇದು ಎಮ್ಮಿ ಇದ್ದಂಗ ಇತ್ರಿ," ಎಂದಳು. "ಒದರ್ತಿತ್ತು, ಒದೀತಿರಲಿಲ್ಲ. ಇದು ಸುಮ್ನ ನಿಂತು ಒದೀತದ."

ನಾನು ನಕ್ಕುಬಿಟ್ಟೆ. ಸಂಜೆ ಸೊಸೆಗೆ, ಶೀ ಈಸ್ ಇಮ್ಯಾಜಿನಿಂಗ್ ಥಿಂಗ್ಸ್ ಎಂದು ಇಂಗ್ಲಿಷಿನಲ್ಲಿ ಹೇಳಿದೆ, ಕೆಲಸದವಳು ಅಲ್ಲೇ ಇದ್ದಾಗ. ಆ ಮಾತು ಈಗಲೂ ಚುಚ್ಚುತ್ತದೆ.

ಅಮಾವಾಸ್ಯೆಗೆ ಅವಳು ಅಬ್ಬೆತುಮಕೂರಿನ ಮಠಕ್ಕೆ ಹೋಗಿಬಂದಳು. ಮರುದಿನ ಮಷೀನಿನ ಬಾಗಿಲ ಮೇಲೆ ಮೂರು ಬೆರಳಿನ ವಿಭೂತಿ. ಹೊಸ ವಸ್ತುವಿಗೆ ಹಚ್ಚುವುದು ನಮ್ಮಲ್ಲಿ ವಾಡಿಕೆಯೇ. ಒಳ್ಳೆಯದಾಯಿತು, ನಾವು ಮರೆತಿದ್ದೆವು ಎಂದೆ. ಅವಳು ತಲೆಯೆತ್ತಲಿಲ್ಲ. ಮಷೀನಿಗಲ್ಲ, ತನ್ನ ಜೀವಕ್ಕೆ ಹಚ್ಚಿದ್ದು ಎಂದಳು. ಅದನ್ನೂ ಚೇಷ್ಟೆ ಅಂದುಕೊಂಡೆ. ಅಂದಿನಿಂದ ಅವಳು ಒಣ ಬಟ್ಟೆ ಮಡಿಸಿ ಹಿಡಿದು ಬಾಗಿಲು ತೆಗೆಯತೊಡಗಿದಳು. ಎಲ್ಲವನ್ನೂ ನೋಡುತ್ತಿದ್ದೆ, ನೋಡಿಯೂ ಸುಮ್ಮನಿದ್ದೆ.

ಒಂದು ಬೆಳಿಗ್ಗೆ ಸೊಸೆ ಬಸ್ಸಿಗೆ ಹೋದ ಮೇಲೆ ಮಷೀನಿನ ನೀರಿನ ಪೈಪು ಸೋರಿ ಅಡುಗೆಮನೆಯ ಫರ್ಸಿ ಕಲ್ಲಿನ ನೆಲದ ಮೇಲೆಲ್ಲ ನೀರು ನಿಂತಿತ್ತು. ಒಳಗಿನಿಂದ ತಾಟು ಬಿದ್ದ ಸದ್ದು ಬಂತು, ಮಾತೇ ಅಲ್ಲದ ಒಂದು ದನಿಯೂ ಬಂತು. ಓಡಿದೆ. ಕೆಲಸದವಳು ಗೋಡೆಗೆ ಆತು ಬಿದ್ದಿದ್ದಳು. ಬಲಗೈ ಮೊಣಕೈವರೆಗೆ ಸೆಟೆದಿತ್ತು, ತುಟಿ ಬೆಳ್ಳಗಾಗಿತ್ತು. ಸ್ವಿಚ್ ಆರಿಸಿ ಪಕ್ಕದಲ್ಲಿ ಕೂತು ಕೈ ತಿಕ್ಕಿದೆ. ಎಷ್ಟೋ ಹೊತ್ತಿನ ಮೇಲೆ ಕಣ್ಣು ಹೊರಳಿಸಿದಳು. ನನ್ನ ಮುಖವನ್ನಾಗಲಿ ಮಷೀನನ್ನಾಗಲಿ ನೋಡಲಿಲ್ಲ.

"ನಿಮ್ಮ ಕಾಲಾಗ ಚಪ್ಪಲ್ ಅದಾವ್ರಿ, ಅಮ್ಮಾರ."

ಆಟೋ ಕರೆಸಿ ಡಾಕ್ಟರ ಬಳಿ ಒಯ್ದೆ. ಎದೆಗೆ ಏನೂ ಆಗಿಲ್ಲ, ಪುಣ್ಯ ಎಂದರು.

ಮಧ್ಯಾಹ್ನ ಬಂದ ಎಲೆಕ್ಟ್ರಿಷಿಯನ್ ಗೋಡೆಯ ವೈರನ್ನು ಬೆರಳಲ್ಲಿ ಹಿಂಬಾಲಿಸುತ್ತ ಹಿತ್ತಲಿಗೆ ಹೋದ. ನಮ್ಮ ಓಣಿಯಲ್ಲಿ ಎಲ್ಲರೂ ಮಾಡುವ ಹಾಗೆ ಸೋರಿದ ಕರೆಂಟನ್ನು ನೆಲಕ್ಕಿಳಿಸುವ ಅರ್ಥ್ ವೈರನ್ನು ನಳದ ಕಬ್ಬಿಣದ ಪೈಪಿಗೆ ಸುತ್ತಿದ್ದರು. ಹೋದ ವರ್ಷ ಪೈಪೆಲ್ಲ ಬದಲಿಸಿ ಪ್ಲಾಸ್ಟಿಕ್ ಹಾಕಿಸಿದ್ದೆವು. ಗೇಣುದ್ದದ ಕಬ್ಬಿಣದ ತುಂಡೊಂದು ಉಳಿದಿತ್ತು, ವೈರು ಅದಕ್ಕೇ ಕಟ್ಟಿಕೊಂಡಿತ್ತು, ನೆಲಕ್ಕೆ ಎಲ್ಲಿಯೂ ಮುಟ್ಟದೆ. ಹಳೆಯ ಮಷೀನು ಗಟ್ಟಿ ಇತ್ತು, ಅದರಿಂದ ಕರೆಂಟ್ ಹೊರಗೆ ಬರಲಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಲಿಲ್ಲ ಎಂದ. ಈ ಅಗ್ಗದ್ದರಿಂದ ಮೊದಲ ದಿನದಿಂದಲೇ ಕರೆಂಟ್ ಅಷ್ಟಿಷ್ಟು ಸೋರುತ್ತಿತ್ತಂತೆ; ಬರಬರುತ್ತ ನಮ್ಮ ಬೋರಿನ ಉಪ್ಪುನೀರಿಗೆ ನೀರು ಕಾಯಿಸುವ ಕಂಬಿಯೂ ಒಡೆದು ಬಾಗಿಲಿಗೆಲ್ಲ ಕರೆಂಟ್ ಇಳಿದಿತ್ತು.

ಕಂಬಿ ಬದಲಾಯಿತು, ಸೋರುವ ಪೈಪೂ ಬದಲಾಯಿತು. ಹಿತ್ತಲಲ್ಲಿ ಗುಂಡಿ ತೋಡಿ, ಇದ್ದಲು, ಉಪ್ಪು ತುಂಬಿ ಹೊಸ ಅರ್ಥಿಂಗ್ ಮಾಡಿಕೊಟ್ಟ. ಒಣಗಲು ಬಿಡಬೇಡಿ, ದಿನಾ ಒಂದು ಕೊಡ ನೀರು ಹಾಕಿ, ಒಣಗಿದರೆ ಅದು ಇದ್ದೂ ಇಲ್ಲದ ಹಾಗೆ ಎಂದ. ನಮ್ಮ ಬಿಸಿಲಲ್ಲಿ ಬೆಳಿಗ್ಗೆ ಹಾಕಿದ್ದು ಸಂಜೆಗೆ ಪುಡಿಯಾಗಿರುತ್ತದೆ. ಮಷೀನನ್ನೇ ತೆಗೆದುಬಿಡೋಣ ಎಂದೆ. ಈಗ ಎಲ್ಲ ಸೇಫ್ ಎಂದು ಸೊಸೆ ಒಪ್ಪಲಿಲ್ಲ.

ಎಂಟು ದಿನದ ಮೇಲೆ ಕೆಲಸದವಳು ಮತ್ತೆ ಬಂದಳು. ಇನ್ನು ಹೆದರಬೇಡ, ಸರಿ ಮಾಡಿಸಿದ್ದೇವೆ ಎಂದೆ. ಹೌದ್ರಿ ಎಂದಳು, ಆದರೆ ಹೊಸ್ತಿಲಲ್ಲೇ ನಿಂತಳು.

"ಚಪ್ಪಲ್ ಬಿಟ್ಟು ಮೊದ್ಲ ನೀವು ಮುಟ್ರಿ."

ಅಂದಿನಿಂದ ದಿನಾ ಬೆಳಿಗ್ಗೆ ನಾನೇ ಒರೆಸಿದ ಒದ್ದೆ ಫರ್ಸಿಯ ಮೇಲೆ ಬರಿಗಾಲಲ್ಲಿ ನಿಂತು, ಕೈಯ ಹಿಂಬದಿಯನ್ನು ಮೆಲ್ಲಗೆ ಆ ಬಾಗಿಲಿಗೆ ತಾಗಿಸುತ್ತೇನೆ. ಹಸಿರು ದೀಪ ಉರಿಯುತ್ತಿರುತ್ತದೆ. ಅವಳು ಉಸಿರು ಬಿಗಿಹಿಡಿದು ನನ್ನ ಮುಖ ನೋಡುತ್ತಿರುತ್ತಾಳೆ.